ಮೊನೆ ಇಲ್ಲದ ಲಾಳ
ಎತ್ತಿಗೆ ಲಾಳ ಹೊಡೆಸುವಾಗೆಲ್ಲ ನನಗೆ 1812ರ ನೆಪೋಲಿಯನ್ ಸೇನೆ ನೆನಪಾಗುತ್ತೆ. ಮಾಸ್ಕೋದಿಂದ ವಾಪಸ್ ಬರುವಾಗ ದಾರಿಯೆಲ್ಲ ಮಂಜುಗಡ್ಡೆ. ಕುದುರೆಗಳ ಲಾಳಕ್ಕೆ ಹಿಡಿತ ಕೊಡೋ ಮೊನೆಗಳಿರಲಿಲ್ಲ. ಸಣ್ಣ ಏರು ಬಂದರೂ ಜಾರೋವು. ಮೇವಿಲ್ಲದೆ ಸೊರಗಿದ್ದವು, ಬಿದ್ದರೆ ಏಳ್ತಿರಲಿಲ್ಲ. ಎಳೆಯೋರಿಲ್ಲದೆ ಫಿರಂಗಿಗಳನ್ನ ದಾರೀಲೇ ಬಿಟ್ಟರು.

ಚಕ್ರವರ್ತಿಯ ಲಾಯ ನೋಡಿಕೊಳ್ಳುತ್ತಿದ್ದ ಕೊಲಾಂಕೂರ್ ಮೊದಲು ರಷ್ಯಾದಲ್ಲಿ ರಾಯಭಾರಿಯಾಗಿದ್ದವನು, ಅಲ್ಲಿನ ಚಳಿ ಕಂಡವನು. ಅರಮನೆ ಕುದುರೆಗಳಿಗೆ ಮೂರು ಮೊನೆಯ ಲಾಳ ಹೊಡೆಸಿದ್ದ. ಸೈನಿಕರ ಕುದುರೆಗೆ ಆ ಭಾಗ್ಯ ಎಲ್ಲಿ!

ಹಾಗಂತ ಮೊನೆ ಯಾವಾಗಲೂ ಒಳ್ಳೇದಲ್ಲ ನೋಡಿ. ಮಂಜುಗಡ್ಡೆಯಲ್ಲಿ ಕಚ್ಚಿಕೊಳ್ಳೋ ಮೊನೆ ಗಟ್ಟಿ ನೆಲದಲ್ಲಿ ಇಳಿಯಲ್ಲ, ಗೊರಸನ್ನೇ ಎತ್ತಿ ಓರೆ ಮಾಡುತ್ತೆ. ಒಂದೇ ಬದಿಗೆ ಹಾಕಿದರಂತೂ ಪ್ರತಿ ಹೆಜ್ಜೆಗೂ ಕೀಲಿಗೆ ತಿರುಚು. ಈಗ ತಿರುಪು ಮೊನೆಗಳಿವೆ. ಓಟ ಮುಗಿದ ಕೂಡಲೇ ಬಿಚ್ಚಿಡ್ತಾರೆ.