ಮ್ಯಾಕ್ ಮತ್ತು ಲಿನಕ್ಸ್‌ಗಳಲ್ಲಿ ಗಣಕ ಆಟಗಳ ಲಭ್ಯತೆ

ಗಣಕಯಂತ್ರಗಳಿಗಾಗಿ ತಯಾರಾಗುವ ವಾಣಿಜ್ಯ ಆಟಗಳಲ್ಲಿ ಬಹುಪಾಲು ಮೈಕ್ರೋಸಾಫ್ಟ್ ವಿಂಡೋಸ್ ಕಾರ್ಯಾಚರಣಾ ವ್ಯವಸ್ಥೆಗೆ ಮಾತ್ರ ಬಿಡುಗಡೆಯಾಗುತ್ತವೆ. ಆಪಲ್ ಸಂಸ್ಥೆಯ ಮ್ಯಾಕ್ ಗಣಕಗಳಿಗೆ ಮತ್ತು ಲಿನಕ್ಸ್ ಆಧಾರಿತ ವ್ಯವಸ್ಥೆಗಳಿಗೆ ಅವು ತಡವಾಗಿ ದೊರೆಯುತ್ತವೆ, ಇಲ್ಲವೇ ದೊರೆಯುವುದೇ ಇಲ್ಲ. ಒಂದು ವ್ಯವಸ್ಥೆಗಾಗಿ ಬರೆದ ಆಟವನ್ನು ಮತ್ತೊಂದಕ್ಕೆ ಹೊಂದುವಂತೆ ಮಾರ್ಪಡಿಸುವ ಕೆಲಸವನ್ನು ಪೋರ್ಟಿಂಗ್ ಎಂದೂ ಹಾಗೆ ಸಿದ್ಧವಾದ ಆವೃತ್ತಿಯನ್ನು ಪೋರ್ಟ್ ಎಂದೂ ಕರೆಯುತ್ತಾರೆ. ಪೋರ್ಟ್‌ಗಳ ಕೊರತೆಯು 1990ರ ದಶಕದಿಂದಲೂ ಈ ಎರಡು ವ್ಯವಸ್ಥೆಗಳ ಬಳಕೆದಾರರ ಪ್ರಮುಖ ಅಸಮಾಧಾನಗಳಲ್ಲಿ ಒಂದಾಗಿದೆ.

ಈ ಕೊರತೆಗೆ ತಾಂತ್ರಿಕ ಅಸಾಧ್ಯತೆಯು ಕಾರಣವಾಗಿರುವುದು ವಿರಳ. ಬಳಕೆದಾರರು ಕಡಿಮೆ ಇರುವುದರಿಂದ ಆಟಗಳು ಬರುವುದಿಲ್ಲ. ಆಟಗಳು ಬಾರದ ಕಾರಣ ಆಟಗಾರರು ವಿಂಡೋಸ್‌ನಲ್ಲಿಯೇ ಉಳಿಯುತ್ತಾರೆ. 2018ರ ನಂತರ ಲಿನಕ್ಸ್‌ನ ಮಟ್ಟಿಗೆ ಈ ವರ್ತುಲ ಭಾಗಶಃ ಸಡಿಲಗೊಂಡಿದೆ. ಆದರೆ ಅದು ಪೋರ್ಟ್‌ಗಳ ಹೆಚ್ಚಳದಿಂದ ಆದುದಲ್ಲ; ವಿಂಡೋಸ್ ಆಟಗಳನ್ನೇ ನೇರವಾಗಿ ನಡೆಸುವ ಹೊಂದಾಣಿಕೆ ಪದರಗಳಿಂದ ಆದುದು.

ಹಿನ್ನೆಲೆ

ಆರಂಭದಲ್ಲಿ ವಿಂಡೋಸ್ ಆಟಗಳ ಸಹಜ ನೆಲೆಯಾಗಿರಲಿಲ್ಲ. ಐಡಿ ಸಾಫ್ಟ್‌ವೇರ್ ಸಂಸ್ಥೆಯ ಡೂಮ್ (1993) ಡಾಸ್ ವ್ಯವಸ್ಥೆಗೆ ಬಿಡುಗಡೆಯಾಯಿತಾದರೂ ಅದನ್ನು ರಚಿಸಿದ್ದು ನೆಕ್ಸ್ಟ್‌ಸ್ಟೆಪ್ ಗಣಕಗಳ ಮೇಲೆ. ಇಂದಿನ ಮ್ಯಾಕ್‌ಓಎಸ್ ಹುಟ್ಟಿದ್ದು ಇದೇ ನೆಕ್ಸ್ಟ್‌ಸ್ಟೆಪ್‌ನಿಂದ. ಡೂಮ್‌ನ ಲಿನಕ್ಸ್ ಆವೃತ್ತಿ 1994ರಲ್ಲಿಯೇ ಸಿದ್ಧವಾಗಿತ್ತು. ಸಯನ್ ಸಂಸ್ಥೆಯ ಮಿಸ್ಟ್ (1993) ಮೊದಲು ಪ್ರಕಟವಾದದ್ದು ಮ್ಯಾಕ್‌ನಲ್ಲಿ. ಬಂಜಿ ಸಂಸ್ಥೆಯ ಮ್ಯಾರಥಾನ್ (1994) ಕೂಡ ಮ್ಯಾಕ್‌ಗಾಗಿಯೇ ರಚಿತವಾದ ಆಟ.

1995ರಲ್ಲಿ ವಿಂಡೋಸ್ 95 ಮತ್ತು ಅದರ ಬೆನ್ನಿಗೇ ಡೈರೆಕ್ಟ್‌ಎಕ್ಸ್ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಚಿತ್ರ, ಧ್ವನಿ ಹಾಗೂ ಕೀಲಿಮಣೆ-ಜಾಯ್‌ಸ್ಟಿಕ್‌ಗಳ ನಿರ್ವಹಣೆಯನ್ನು ಡೈರೆಕ್ಟ್‌ಎಕ್ಸ್ ಒಂದೇ ಕಡೆ ಒದಗಿಸಿದ್ದರಿಂದ ಆಟ ತಯಾರಕರ ಕೆಲಸ ಹಗುರವಾಯಿತು. ಆದರೆ ಅದು ವಿಂಡೋಸ್ ಮತ್ತು ಮೈಕ್ರೋಸಾಫ್ಟ್‌ನ ಇತರ ಸಾಧನಗಳಿಗೆ ಸೀಮಿತವಾಗಿತ್ತು. ಹೀಗೆ ಅದನ್ನು ಆಧರಿಸಿ ಬರೆದ ಪ್ರತಿಯೊಂದು ಆಟವೂ ಇತರ ವ್ಯವಸ್ಥೆಗಳಿಂದ ದೂರವಾಯಿತು.

ತಾಂತ್ರಿಕ ಕಾರಣಗಳು

ಆಟದ ಚಿತ್ರಣ ಭಾಗವು ಪೋರ್ಟಿಂಗ್‌ನಲ್ಲಿ ಹೆಚ್ಚು ಶ್ರಮ ಬೇಡುತ್ತದೆ. ಡೈರೆಕ್ಟ್‌ಎಕ್ಸ್‌ನ ಭಾಗವಾದ ಡೈರೆಕ್ಟ್3ಡಿಯಲ್ಲಿ ಬರೆದ ಆಜ್ಞೆಗಳನ್ನು ಲಿನಕ್ಸ್‌ಗಾಗಿ ಓಪನ್‌ಜಿಎಲ್ ಅಥವಾ ವಲ್ಕನ್‌ಗೆ, ಮ್ಯಾಕ್‌ಗಾಗಿ ಮೆಟಲ್‌ಗೆ ಬದಲಿಸಬೇಕಾಗುತ್ತದೆ. ಐಡಿ ಸಾಫ್ಟ್‌ವೇರ್‌ನ ಕ್ವೇಕ್ ಸರಣಿಯ ಆಟಗಳು ಓಪನ್‌ಜಿಎಲ್ ಬಳಸಿದ್ದರಿಂದ ಇತರ ವ್ಯವಸ್ಥೆಗಳಿಗೆ ಸುಲಭವಾಗಿ ಸಾಗಿದವು.

ಹೊರಗಿನವರಿಂದ ಪರವಾನಗಿ ಪಡೆದ ಉಪತಂತ್ರಾಂಶಗಳು ಮತ್ತೊಂದು ತೊಡಕು. ಧ್ವನಿ, ಚಲನಚಿತ್ರ ತುಣುಕು, ಜಾಲದ ಮೂಲಕ ಆಡುವ ವ್ಯವಸ್ಥೆ ಮುಂತಾದವುಗಳಲ್ಲಿ ಯಾವುದಾದರೂ ಒಂದು ವಿಂಡೋಸ್‌ಗೆ ಮಾತ್ರ ಲಭ್ಯವಿದ್ದರೆ ಇಡೀ ಪೋರ್ಟ್ ನಿಲ್ಲುತ್ತದೆ. ಇಂತಹ ಪರವಾನಗಿಯ ಪ್ರಭಾವ ಡೂಮ್‌ನ ಇತಿಹಾಸದಲ್ಲಿಯೂ ಕಾಣುತ್ತದೆ. 1997ರ ಡಿಸೆಂಬರ್‌ನಲ್ಲಿ ಅದರ ಆಕರ ಸಂಕೇತವನ್ನು ಸಾರ್ವಜನಿಕಗೊಳಿಸಿದಾಗ, ಡಾಸ್ ಆವೃತ್ತಿಯ ಧ್ವನಿ ತಂತ್ರಾಂಶ ಬೇರೆಯವರ ಸ್ವತ್ತಾಗಿದ್ದ ಕಾರಣ ಲಿನಕ್ಸ್ ಆವೃತ್ತಿಯ ಸಂಕೇತವನ್ನೇ ನೀಡಬೇಕಾಯಿತು.

ಲಿನಕ್ಸ್‌ನಲ್ಲಿ ಉಬುಂಟು, ಫೆಡೋರಾ, ಆರ್ಚ್ ಮೊದಲಾದ ಹಲವು ವಿತರಣೆಗಳಿದ್ದು, ಅವುಗಳ ತಂತ್ರಾಂಶ ಸಂಗ್ರಹಗಳ ಆವೃತ್ತಿಗಳು ಒಂದಕ್ಕೊಂದು ಹೊಂದುವುದಿಲ್ಲ. ಮ್ಯಾಕ್‌ನಲ್ಲಿ ಪ್ರೊಸೆಸರ್‌ನ ಬಗೆಯೇ ಮೂರು ಬಾರಿ ಬದಲಾಗಿದೆ: 1994ರಲ್ಲಿ ಪವರ್‌ಪಿಸಿ, 2006ರಲ್ಲಿ ಇಂಟೆಲ್, 2020ರಲ್ಲಿ ಆಪಲ್‌ನದೇ ಚಿಪ್. 2006ರ ಬದಲಾವಣೆಯ ನಂತರ ಕೆಲವು ವರ್ಷಗಳಲ್ಲಿ ಹಳೆಯ ಪೋರ್ಟ್‌ಗಳು ಬಳಕೆಗೆ ಬಾರದಂತಾದವು.

ಆದರೂ ಈ ತೊಡಕುಗಳು ದಾಟಲಾಗದವಲ್ಲ. 2012ರಲ್ಲಿ ವಾಲ್ವ್ ಸಂಸ್ಥೆಯು ಲೆಫ್ಟ್ 4 ಡೆಡ್ 2 ಆಟವನ್ನು ಒಂದೇ ಯಂತ್ರದಲ್ಲಿ ಪರೀಕ್ಷಿಸಿ, ವಿಂಡೋಸ್ 7ರಲ್ಲಿ ಸೆಕೆಂಡಿಗೆ 270.6 ಚೌಕಟ್ಟುಗಳೂ ಲಿನಕ್ಸ್‌ನಲ್ಲಿ 315 ಚೌಕಟ್ಟುಗಳೂ ಮೂಡಿದುದಾಗಿ ಪ್ರಕಟಿಸಿತು.

ಆರ್ಥಿಕ ಕಾರಣಗಳು

ಪೋರ್ಟ್‌ನ ವೆಚ್ಚ ಅದರ ರಚನೆಯೊಂದಿಗೆ ಮುಗಿಯುವುದಿಲ್ಲ. ಪರೀಕ್ಷೆ, ಗ್ರಾಹಕ ಸಹಾಯ ಮತ್ತು ಆಟಕ್ಕೆ ಬರುವ ಪ್ರತಿಯೊಂದು ಪರಿಷ್ಕರಣೆಯನ್ನೂ ಮತ್ತೊಮ್ಮೆ ಅಳವಡಿಸುವ ಕೆಲಸ ವರ್ಷಗಟ್ಟಲೆ ಮುಂದುವರಿಯುತ್ತದೆ. ಸ್ಟೀಮ್ ಮಾರಾಟ ಜಾಲದ ಸಮೀಕ್ಷೆಗಳಲ್ಲಿ 2010ರ ದಶಕದ ಬಹುಭಾಗದಲ್ಲಿ ಲಿನಕ್ಸ್ ಬಳಕೆದಾರರ ಪ್ರಮಾಣ ಶೇಕಡಾ 1ರ ಆಸುಪಾಸಿನಲ್ಲಿತ್ತು.

ಈ ಲೆಕ್ಕದಲ್ಲಿ ಒಂದು ದೋಷವೂ ಅಡಗಿದೆ. ತಮ್ಮ ವ್ಯವಸ್ಥೆಗೆ ಆಟ ಬಾರದೆಂದು ತಿಳಿದ ಬಳಕೆದಾರರು ಅದೇ ಯಂತ್ರದಲ್ಲಿ ವಿಂಡೋಸನ್ನೂ ಸ್ಥಾಪಿಸಿಕೊಂಡು ವಿಂಡೋಸ್ ಪ್ರತಿಯನ್ನು ಕೊಳ್ಳುತ್ತಾರೆ. ಆ ಖರೀದಿ ವಿಂಡೋಸ್‌ನ ಮಾರಾಟವಾಗಿಯೇ ದಾಖಲಾಗುವುದರಿಂದ, ಪೋರ್ಟ್‌ಗೆ ಇದ್ದ ಬೇಡಿಕೆ ಪ್ರಕಾಶಕರ ಗಮನಕ್ಕೆ ಬರುವುದಿಲ್ಲ. 2006ರಲ್ಲಿ ಆಪಲ್ ಬೂಟ್ ಕ್ಯಾಂಪ್ ಮೂಲಕ ಇಂಟೆಲ್ ಮ್ಯಾಕ್‌ಗಳಲ್ಲಿ ವಿಂಡೋಸ್ ನಡೆಸಲು ಅವಕಾಶ ನೀಡಿದಾಗ ಮ್ಯಾಕ್ ಬಳಕೆದಾರರಿಗೂ ಇದೇ ದಾರಿ ತೆರೆಯಿತು.

ಬೇಡಿಕೆ ಗೋಚರವಾದ ಸಂದರ್ಭಗಳೂ ಇವೆ. 2010ರ ಮೇ ತಿಂಗಳಿನ ಹಂಬಲ್ ಇಂಡೀ ಬಂಡಲ್‌ನಲ್ಲಿ ಕೆಲವು ಸ್ವತಂತ್ರ ಆಟಗಳನ್ನು ಮೂರೂ ವ್ಯವಸ್ಥೆಗಳಿಗೆ ಒಟ್ಟಾಗಿ ನೀಡಿ, ಬೆಲೆಯನ್ನು ಕೊಳ್ಳುವವರ ಇಚ್ಛೆಗೆ ಬಿಡಲಾಗಿತ್ತು. ಸರಾಸರಿಯಲ್ಲಿ ಲಿನಕ್ಸ್ ಬಳಕೆದಾರರು ಎಲ್ಲರಿಗಿಂತ ಹೆಚ್ಚು ಹಣ ನೀಡಿದರು. ಮ್ಯಾಕ್ ಬಳಕೆದಾರರು ಎರಡನೆಯ ಸ್ಥಾನದಲ್ಲಿದ್ದರು.

ಪೋರ್ಟಿಂಗ್ ಸಂಸ್ಥೆಗಳು

1998ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಲೋಕಿ ಸಾಫ್ಟ್‌ವೇರ್, ಲಿನಕ್ಸ್ ಪೋರ್ಟ್‌ಗಳನ್ನೇ ವ್ಯಾಪಾರವಾಗಿ ಕೈಗೊಂಡ ಮೊದಲ ಪ್ರಮುಖ ಸಂಸ್ಥೆ. ಸಿವಿಲೈಸೇಶನ್: ಕಾಲ್ ಟು ಪವರ್ (1999) ಅದರ ಮೊದಲ ಪ್ರಕಟಣೆ. ಮಾರಾಟ ಸಾಲದೆ 2001ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿದ ಸಂಸ್ಥೆ 2002ರ ಜನವರಿಯಲ್ಲಿ ಮುಚ್ಚಿತು. ಅದು ಬಿಟ್ಟುಹೋದ ಸಾಧನಗಳು ಮಾತ್ರ ಉಳಿದವು. ಅಲ್ಲಿ ಪ್ರಮುಖ ತಂತ್ರಜ್ಞರಾಗಿದ್ದ ಸ್ಯಾಮ್ ಲಾಂಟಿಂಗಾ ಅವರ ಎಸ್‌ಡಿಎಲ್ ತಂತ್ರಾಂಶ ಸಂಗ್ರಹ ಮತ್ತು ಅಲ್ಲಿ ಆರಂಭವಾದ ಓಪನ್‌ಎಎಲ್ ಧ್ವನಿ ವ್ಯವಸ್ಥೆ ಮುಂದೆ ಅಸಂಖ್ಯ ಆಟಗಳಿಗೆ ಆಧಾರವಾದವು.

ಮ್ಯಾಕ್ ಪೋರ್ಟ್‌ಗಳಲ್ಲಿ ಬ್ರಿಟನ್ನಿನ ಫೆರಲ್ ಇಂಟರ್‌ಆಕ್ಟಿವ್ ಮತ್ತು ಅಮೆರಿಕದ ಆಸ್ಪೈರ್ ಸಂಸ್ಥೆಗಳು ದೀರ್ಘಕಾಲ ಪರಿಣತಿ ಗಳಿಸಿದವು. 2014ರಿಂದ ಎರಡೂ ಲಿನಕ್ಸ್‌ಗೆ ಆಟಗಳನ್ನು ತಂದವು: ಆಸ್ಪೈರ್‌ನ ಸಿವಿಲೈಸೇಶನ್ 5 ಹಾಗೂ ಫೆರಲ್‌ನ ಎಕ್ಸ್‌ಕಾಮ್: ಎನಿಮಿ ಅನ್‌ನೋನ್ ಇವುಗಳಲ್ಲಿ ಮುಖ್ಯವಾದವು. ಇಂತಹ ಪೋರ್ಟ್‌ಗಳು ಮೂಲ ಆಟದ ನಂತರ ತಿಂಗಳುಗಳು ಅಥವಾ ವರ್ಷಗಳು ಕಳೆದು ಬರುವುದು ಸಾಮಾನ್ಯವಾಗಿತ್ತು.

ಘೋಷಿಸಿ ಕೈಬಿಟ್ಟ ಹಾಗೂ ವಿಳಂಬವಾದ ಆವೃತ್ತಿಗಳು

ಆರಂಭದಿಂದಲೇ ಬಾರದ ಆಟಗಳಿಗಿಂತ, ಬರುವುದಾಗಿ ಘೋಷಿತವಾಗಿ ನಿಂತುಹೋದ ಆಟಗಳು ಹೆಚ್ಚು ಅಸಮಾಧಾನಕ್ಕೆ ಕಾರಣವಾಗಿವೆ.

- ಹಾಫ್-ಲೈಫ್: 1998ರ ಈ ಆಟದ ಮ್ಯಾಕ್ ಪೋರ್ಟ್ ಘೋಷಣೆಯಾಗಿ, 1999ರಲ್ಲಿ ರದ್ದಾಯಿತು. ಮ್ಯಾಕ್ ಮತ್ತು ಲಿನಕ್ಸ್ ಆವೃತ್ತಿಗಳು ಬಂದದ್ದು 2013ರಲ್ಲಿ.
- ಹೇಲೋ: 1999ರ ಜುಲೈನಲ್ಲಿ ಸ್ಟೀವ್ ಜಾಬ್ಸ್ ಅವರು ಮ್ಯಾಕ್‌ವರ್ಲ್ಡ್ ವೇದಿಕೆಯಲ್ಲಿ ಈ ಆಟವನ್ನು ಪರಿಚಯಿಸಿದರು. 2000ದಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಬಂಜಿಯನ್ನು ಖರೀದಿಸಿತು. ಆಟ 2001ರಲ್ಲಿ ಎಕ್ಸ್‌ಬಾಕ್ಸ್‌ಗೆ ಬಿಡುಗಡೆಯಾಗಿ, ಮ್ಯಾಕ್‌ಗೆ ಬರುವ ಹೊತ್ತಿಗೆ 2003 ಆಗಿತ್ತು.
- ಅನ್‌ರಿಯಲ್ ಟೂರ್ನಮೆಂಟ್ 3: ಸರಣಿಯ ಹಿಂದಿನ ಆಟಗಳಂತೆ 2007ರ ಈ ಆಟಕ್ಕೂ ಲಿನಕ್ಸ್ ಆವೃತ್ತಿ ನಿರೀಕ್ಷಿತವಾಗಿತ್ತು. ಕೆಲಸ ನಡೆದರೂ ಅದು ಬಿಡುಗಡೆಯಾಗಲಿಲ್ಲ.

ಬೆಂಬಲದ ಹಿಂತೆಗೆತ

ಕೆಲವು ಸಂದರ್ಭಗಳಲ್ಲಿ ಹಣ ಕೊಟ್ಟು ಕೊಂಡ ಆಟವೇ ಕಾರ್ಯನಿರ್ವಹಿಸದಂತಾಗಿದೆ. 2019ರ ಅಕ್ಟೋಬರ್‌ನಲ್ಲಿ ಬಂದ ಮ್ಯಾಕ್‌ಓಎಸ್ ಕ್ಯಾಟಲೀನಾ 32-ಬಿಟ್ ತಂತ್ರಾಂಶಗಳ ಬೆಂಬಲವನ್ನು ಸಂಪೂರ್ಣವಾಗಿ ಕೈಬಿಟ್ಟಿತು. ನವೀಕರಣಗೊಳ್ಳದ ನೂರಾರು ಹಳೆಯ ಪೋರ್ಟ್‌ಗಳು ಒಮ್ಮೆಲೇ ನಿಂತುಹೋದವು. ಅದಕ್ಕೂ ಮೊದಲು, 2018ರಲ್ಲಿ, ಆಪಲ್ ಓಪನ್‌ಜಿಎಲ್‌ನ ಅಭಿವೃದ್ಧಿಯನ್ನು ನಿಲ್ಲಿಸುವ ಸೂಚನೆ ನೀಡಿತ್ತು.

2020ರ ಮಾರ್ಚ್‌ನಲ್ಲಿ ರಾಕೆಟ್ ಲೀಗ್ ಆಟದ ಮ್ಯಾಕ್ ಮತ್ತು ಲಿನಕ್ಸ್ ಆವೃತ್ತಿಗಳಿಗೆ ಜಾಲದ ಮೂಲಕ ಆಡುವ ಸೌಲಭ್ಯ ನಿಂತಿತು. ಈ ಎರಡರ ಆಟಗಾರರು ಒಟ್ಟು ಸಕ್ರಿಯ ಆಟಗಾರರಲ್ಲಿ ಶೇಕಡಾ 0.3ಕ್ಕಿಂತ ಕಡಿಮೆ ಎಂದು ತಯಾರಕರು ತಿಳಿಸಿ, ಹಣ ಹಿಂದಿರುಗಿಸಲು ಅವಕಾಶ ನೀಡಿದರು. 2023ರಲ್ಲಿ ಕೌಂಟರ್-ಸ್ಟ್ರೈಕ್ 2 ಹಿಂದಿನ ಆಟದ ಸ್ಥಾನಕ್ಕೆ ಬಂದಾಗ ಲಿನಕ್ಸ್ ಬೆಂಬಲ ಉಳಿಯಿತು. ಮ್ಯಾಕ್ ಬೆಂಬಲ ಕೊನೆಗೊಂಡಿತು.

ಸ್ಟೀಮ್ ಮತ್ತು ಹೊಂದಾಣಿಕೆ ಪದರಗಳು

ವಾಲ್ವ್ ಸಂಸ್ಥೆಯ ಸ್ಟೀಮ್ 2010ರ ಮೇ ತಿಂಗಳಲ್ಲಿ ಮ್ಯಾಕ್‌ಗೆ, 2013ರ ಫೆಬ್ರವರಿಯಲ್ಲಿ ಲಿನಕ್ಸ್‌ಗೆ ಬಂದಿತು. ವಿಂಡೋಸ್ 8ರೊಂದಿಗೆ ಮೈಕ್ರೋಸಾಫ್ಟ್ ತನ್ನದೇ ತಂತ್ರಾಂಶ ಮಳಿಗೆಯನ್ನು ತೆರೆದದ್ದು ವಾಲ್ವ್‌ನ ಲಿನಕ್ಸ್ ಆಸಕ್ತಿಗೆ ಒಂದು ಕಾರಣವಾಗಿತ್ತು. 2015ರಲ್ಲಿ ಮಾರುಕಟ್ಟೆಗೆ ಬಂದ ಲಿನಕ್ಸ್ ಆಧಾರಿತ ಸ್ಟೀಮ್ ಮಷೀನ್‌ಗಳು ಆಟಗಳ ಕೊರತೆಯಿಂದಲೇ ಯಶಸ್ಸು ಕಾಣಲಿಲ್ಲ.

ಈ ಅನುಭವದ ನಂತರ ವಾಲ್ವ್ ಬೇರೆ ಮಾರ್ಗ ಹಿಡಿಯಿತು. ವಿಂಡೋಸ್ ತಂತ್ರಾಂಶಗಳನ್ನು ಇತರ ವ್ಯವಸ್ಥೆಗಳಲ್ಲಿ ನಡೆಸುವ ವೈನ್ ಎಂಬ ಮುಕ್ತ ತಂತ್ರಾಂಶ ಯೋಜನೆ 1993ರಿಂದಲೇ ನಡೆದುಬಂದಿತ್ತು. ಅದಕ್ಕೆ ಡೈರೆಕ್ಟ್3ಡಿ ಆಜ್ಞೆಗಳನ್ನು ವಲ್ಕನ್‌ಗೆ ಪರಿವರ್ತಿಸುವ ಡಿಎಕ್ಸ್‌ವಿಕೆ ಮುಂತಾದವುಗಳನ್ನು ಜೋಡಿಸಿ, 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಎಂಬ ಹೆಸರಿನಲ್ಲಿ ಸ್ಟೀಮ್‌ನೊಳಗೇ ಅಳವಡಿಸಲಾಯಿತು. 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಗಣಕ ಲಿನಕ್ಸ್ ಆಧಾರಿತವಾಗಿದ್ದು, ಪ್ರೋಟಾನ್ ಮೂಲಕ ಸಾವಿರಾರು ವಿಂಡೋಸ್ ಆಟಗಳನ್ನು ನಡೆಸುತ್ತದೆ. 2023ರಲ್ಲಿ ಸ್ಟೀಮ್ ಸಮೀಕ್ಷೆಯಲ್ಲಿ ಲಿನಕ್ಸ್ ಬಳಕೆದಾರರ ಪ್ರಮಾಣ ಮ್ಯಾಕ್ ಬಳಕೆದಾರರ ಪ್ರಮಾಣವನ್ನು ಮೀರಿತು.

ಪ್ರೋಟಾನ್ ಮ್ಯಾಕ್‌ಗೆ ಲಭ್ಯವಿಲ್ಲ. ಆಪಲ್‌ನ ಚಿಪ್ ಇರುವ ಮ್ಯಾಕ್‌ಗಳಲ್ಲಿ ಬೂಟ್ ಕ್ಯಾಂಪ್ ಕೂಡ ಇಲ್ಲ. ಕೋಡ್‌ವೀವರ್ಸ್ ಸಂಸ್ಥೆಯ ಕ್ರಾಸ್‌ಓವರ್ ಎಂಬ ವಾಣಿಜ್ಯ ತಂತ್ರಾಂಶ ವೈನ್ ಆಧಾರದಲ್ಲಿ ಈ ಕೆಲಸವನ್ನು ಮಾಡುತ್ತದೆ. 2023ರ ಜೂನ್‌ನಲ್ಲಿ ಆಪಲ್ ಗೇಮ್ ಪೋರ್ಟಿಂಗ್ ಟೂಲ್‌ಕಿಟ್ ಪ್ರಕಟಿಸಿತು. ತಮ್ಮ ವಿಂಡೋಸ್ ಆಟ ಮ್ಯಾಕ್‌ನಲ್ಲಿ ಹೇಗೆ ನಡೆಯುತ್ತದೆಂದು ಆಟ ತಯಾರಕರು ಅಂದಾಜಿಸಲು ನೆರವಾಗುವುದು ಅದರ ಉದ್ದೇಶ.

ವಂಚನೆ ತಡೆ ತಂತ್ರಾಂಶಗಳು

ಹಲವರು ಒಟ್ಟಿಗೆ ಆಡುವ ಆಟಗಳಲ್ಲಿ ಮೋಸವನ್ನು ತಡೆಯುವ ತಂತ್ರಾಂಶಗಳು ವಿಂಡೋಸ್‌ನ ಒಳಪದರವಾದ ಕರ್ನಲ್‌ವರೆಗೆ ಪ್ರವೇಶ ಬಯಸುವುದರಿಂದ ಹೊಂದಾಣಿಕೆ ಪದರಗಳಲ್ಲಿ ಕೆಲಸ ಮಾಡುವುದಿಲ್ಲ. 2021ರಲ್ಲಿ ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ ತಂತ್ರಾಂಶಗಳು ಪ್ರೋಟಾನ್‌ಗೆ ಬೆಂಬಲ ನೀಡಿದವಾದರೂ ಅದನ್ನು ಬಳಸುವ ನಿರ್ಧಾರ ಆಯಾ ಪ್ರಕಾಶಕರದು. ಏಪೆಕ್ಸ್ ಲೆಜೆಂಡ್ಸ್ ಈ ಅವಕಾಶವನ್ನು ಮೊದಲು ನೀಡಿ, ಲಿನಕ್ಸ್ ಮೂಲಕ ವಂಚನೆ ನಡೆಯುತ್ತಿದೆ ಎಂಬ ಕಾರಣದಿಂದ 2024ರ ಅಕ್ಟೋಬರ್‌ನಲ್ಲಿ ಹಿಂತೆಗೆದುಕೊಂಡಿತು. ಲೀಗ್ ಆಫ್ ಲೆಜೆಂಡ್ಸ್ ಆಟವು 2024ರಲ್ಲಿ ವ್ಯಾನ್‌ಗಾರ್ಡ್ ತಂತ್ರಾಂಶವನ್ನು ಅಳವಡಿಸಿಕೊಂಡ ಮೇಲೆ, ವೈನ್ ಮೂಲಕ ಆಡುತ್ತಿದ್ದ ಲಿನಕ್ಸ್ ಬಳಕೆದಾರರು ಹೊರಗುಳಿದರು.

ಬಳಕೆದಾರರ ನಿಲುವುಗಳು

ಲಿನಕ್ಸ್ ಬಳಕೆದಾರರಲ್ಲಿ ಈ ಕುರಿತು ಒಮ್ಮತವಿಲ್ಲ. ಲಿನಕ್ಸ್‌ನ ಲಾಂಛನವಾದ ಟಕ್ಸ್ ಎಂಬ ಪೆಂಗ್ವಿನ್ ಇಲ್ಲದ ಆಟಕ್ಕೆ ಹಣ ಕೊಡಬಾರದೆಂಬುದು ಒಂದು ಪಂಗಡದ ನಿಲುವು. ಹೊಂದಾಣಿಕೆ ಪದರಗಳು ಸಾಕಷ್ಟಾದರೆ ತಯಾರಕರು ಪೋರ್ಟ್ ರಚಿಸುವ ಗೋಜಿಗೇ ಹೋಗುವುದಿಲ್ಲ ಎಂಬುದು ಅವರ ಆಕ್ಷೇಪ. ಬಳಕೆದಾರರ ಸಂಖ್ಯೆ ಮೊದಲು ಬೆಳೆಯಬೇಕು, ಅಲ್ಲಿಯವರೆಗೆ ಆಟ ನಡೆಯುವುದೇ ಮುಖ್ಯ ಎಂಬುದು ಇನ್ನೊಂದು ಪಂಗಡದ ವಾದ. ಪ್ರೋಟಾನ್‌ನಲ್ಲಿ ನಡೆಯುವ ವಿಂಡೋಸ್ ಆವೃತ್ತಿಯು, ನವೀಕರಣ ಕಾಣದ ಹಳೆಯ ಲಿನಕ್ಸ್ ಪೋರ್ಟ್‌ಗಿಂತ ಉತ್ತಮವಾಗಿ ಕೆಲಸ ಮಾಡುವ ಉದಾಹರಣೆಗಳನ್ನು ಇವರು ಮುಂದಿಡುತ್ತಾರೆ.

ಮೂರನೆಯ ಮಾರ್ಗ ಆಕರ ಸಂಕೇತದ ಬಿಡುಗಡೆ. ಡೂಮ್ ಮತ್ತು ಕ್ವೇಕ್‌ಗಳ ಸಂಕೇತ ಮುಕ್ತವಾದ ಕಾರಣ ಅವು ಇಂದಿಗೂ ಎಲ್ಲ ವ್ಯವಸ್ಥೆಗಳಲ್ಲಿ ನಡೆಯುತ್ತಿವೆ. ಸಂಕೇತ ದೊರೆಯದ ಆಟಗಳ ಎಂಜಿನ್ನನ್ನು ಸ್ವಯಂಸೇವಕರು ಹೊಸದಾಗಿ ಬರೆದಿರುವುದೂ ಉಂಟು. ಸ್ಕಮ್‌ವಿಎಂ, ಓಪನ್‌ಟಿಟಿಡಿ ಮತ್ತು ಓಪನ್‌ಎಂಡಬ್ಲ್ಯೂ ಇದಕ್ಕೆ ನಿದರ್ಶನಗಳು. ಪ್ರಕಾಶಕರು ಬೆಂಬಲ ನಿಲ್ಲಿಸಿದರೂ ಇಂತಹ ಆಟಗಳನ್ನು ಬಳಕೆದಾರರೇ ಉಳಿಸಿಕೊಳ್ಳಬಹುದು. ಉಳಿದ ಮಾರ್ಗಗಳಲ್ಲಿ ಆ ಭರವಸೆ ಇಲ್ಲ.