634 ಮತಗಳು

ನಮ್ಮ ಶಾಲೆಯಲ್ಲಿ ಪೌರನೀತಿ ಪಾಠ ಮಾಡುವಾಗ ಗುರುಗಳು ‘ಒಬ್ಬ ವ್ಯಕ್ತಿ, ಒಂದು ಮತ, ಒಂದು ಮೌಲ್ಯ’ ಎಂದು ಹಲಗೆಯ ಮೇಲೆ ಬರೆಸಿದ್ದರು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಅದರ ಅರ್ಥ ನನಗೆ ತಿಳಿದದ್ದು ನಮ್ಮ ಕುಂದಗೋಳ ಕ್ಷೇತ್ರದ ಚುನಾವಣೆಯಿಂದ.

ಸ್ವಾತಂತ್ರ್ಯಕ್ಕೆ ಮುನ್ನ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ತಮ್ಮನ್ನು ಆಳುವವರು ಯಾರೆಂದು ಅಲ್ಲಿನ ಜನರನ್ನು ಕೇಳುವವರಿರಲಿಲ್ಲ. ಆ ಅಧಿಕಾರ ನಮ್ಮ ಕೈಗೆ ಬಂದ ಮೇಲೆ ನಮ್ಮ ತಾಲೂಕಿನವರು ಅದನ್ನು ಹೇಗೆ ಬಳಸಿದರೆಂಬುದಕ್ಕೆ ಸಿ.ಎಸ್. ಶಿವಳ್ಳಿಯವರ ರಾಜಕೀಯ ಜೀವನವೇ ಒಂದು ಪಾಠ.

ಇದೇ ತಾಲೂಕಿನ ಯರಗುಪ್ಪಿಯವರಾದ ಅವರು 1999ರಲ್ಲಿ ಪಕ್ಷೇತರರಾಗಿ ನಿಂತು ಗೆದ್ದರು. 2004ರಲ್ಲಿ ಜನರು ಎಂ.ಎಸ್. ಅಕ್ಕಿಯವರನ್ನು, 2008ರಲ್ಲಿ ಎಸ್.ಐ. ಚಿಕ್ಕನಗೌಡರನ್ನು ಆರಿಸಿದರು. 2013ರಲ್ಲಿ ಶಿವಳ್ಳಿಯವರು ಕಾಂಗ್ರೆಸ್ಸಿನಿಂದ ಮರಳಿ ಆಯ್ಕೆಯಾದರು. ಕೊಟ್ಟ ಅಧಿಕಾರವನ್ನು ಹಿಂದಕ್ಕೆ ಪಡೆಯುವುದೂ, ಸೋತವರನ್ನು ಮತ್ತೆ ಕರೆಯುವುದೂ ನಮ್ಮ ಮತದಾರರಿಗೆ ಗೊತ್ತಿತ್ತು.

2018ರ ಮೇ 12ರಂದು ಮತದಾನ. ನಾನಾಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದೆ. ಹೆಸರು ಮಾತ್ರ ಗುಡಗೇರಿಯ ಮತದಾರರ ಪಟ್ಟಿಯಲ್ಲಿತ್ತು. ರಾತ್ರಿ ರೈಲು ಹತ್ತಿದ್ದರೆ ಬೆಳಗಾಗುವಷ್ಟರಲ್ಲಿ ಊರು ಸೇರಬಹುದಿತ್ತು. ‘ನನ್ನದೊಂದು ಓಟಿನಿಂದ ಏನಾದೀತು’ ಎಂದು ಉಳಿದುಬಿಟ್ಟೆ. ಮೇ 15ರಂದು ಎಣಿಕೆಯಾಯಿತು. ಶಿವಳ್ಳಿಯವರಿಗೆ 64,871, ಚಿಕ್ಕನಗೌಡರಿಗೆ 64,237. ಅಂತರ ಬರೀ 634! ನನ್ನ ಹಾಗೆ ಪರಊರಿನಲ್ಲಿ ಉಳಿದವರನ್ನೆಲ್ಲ ಲೆಕ್ಕ ಹಾಕಿದರೆ ಇದಕ್ಕಿಂತ ಹೆಚ್ಚೇ ಆದೀತೆಂದು ಅನಿಸಿತು. ಊರಿಗೆ ಬಂದಾಗ ಕಾಕಾ ಒಂದೇ ಮಾತು ಕೇಳಿದರು: “ಜಾತ್ರಿಗೆ ತಪ್ಪದ ಬರ್ತೀಯಲ್ಲೋ ತಮ್ಮಾ, ಓಟಿಗೆ ಯಾಕ ಬರಲಿಲ್ಲ?” ನನ್ನಲ್ಲಿ ಉತ್ತರವಿರಲಿಲ್ಲ.

2018ರ ಡಿಸೆಂಬರ್ 22ರಂದು ಶಿವಳ್ಳಿಯವರು ಸಚಿವರಾದರು. ಪೌರಾಡಳಿತ ಖಾತೆ ದೊರೆಯಿತು. 2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ ಕಟ್ಟಡ ಕುಸಿದಾಗ ರಕ್ಷಣಾ ಕಾರ್ಯ ನಡೆದಲ್ಲಿಗೆ ಹೋಗಿದ್ದರು. ಅದೇ ವಾರ, ಮಾರ್ಚ್ 22ರಂದು, ಹೃದಯಾಘಾತದಿಂದ ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಸಚಿವರಾಗಿ ಸರಿಯಾಗಿ ಮೂರು ತಿಂಗಳಾಗಿತ್ತು.

ಮೇ 19ರಂದು ಉಪಚುನಾವಣೆ. ಅವರ ಪತ್ನಿ ಕುಸುಮಾವತಿ ಶಿವಳ್ಳಿಯವರು ಚಿಕ್ಕನಗೌಡರ ಎದುರು 1,601 ಮತಗಳಿಂದ ಗೆದ್ದರು. ಒಂದೇ ವರ್ಷದಲ್ಲಿ ಎರಡು ಸಲ ಕೂದಲೆಳೆಯ ಅಂತರ. ಆ ಸಲ ನಾನು ತಪ್ಪದೆ ಬಂದಿದ್ದೆ.

2023ರಲ್ಲಿ ಭಾರತೀಯ ಜನತಾ ಪಕ್ಷದ ಎಂ.ಆರ್. ಪಾಟೀಲರು ದೊಡ್ಡ ಅಂತರದಿಂದ ಆರಿಸಿ ಬಂದರು. ಆಗಲೂ ಬಂದು ಸಾಲಿನಲ್ಲಿ ನಿಂತಿದ್ದೆ. ನನ್ನ ಒಂದು ಮತದಿಂದ ಆ ಫಲಿತಾಂಶ ಬದಲಾಗುತ್ತಿರಲಿಲ್ಲ, ನಿಜ. ಆದರೆ ಅಂತರ ದೊಡ್ಡದೋ ಸಣ್ಣದೋ ಎಂಬುದು ಎಣಿಕೆಯಾದ ಮೇಲೆ ತಾನೆ ತಿಳಿಯುವುದು?

ಶಾಲೆಯ ಈ ಸುವರ್ಣ ಮಹೋತ್ಸವಕ್ಕೆ ದೂರದೂರುಗಳಿಂದ ಬಂದಿರುವ ಗೆಳೆಯರಲ್ಲಿ ನನ್ನದೊಂದು ವಿನಂತಿ. ಯಾರಿಗೆ ಹಾಕಬೇಕೆಂಬುದು ಅವರವರ ಮನಸ್ಸಿಗೆ ಬಿಟ್ಟದ್ದು. ನಿಮ್ಮ ಹೆಸರು ಊರಿನ ಪಟ್ಟಿಯಲ್ಲಿದ್ದರೆ ಆ ದಿನವೂ ಹೀಗೆಯೇ ಬನ್ನಿರಿ. ಗುರುಗಳು ಬರೆಸಿದ ಆ ಸಾಲನ್ನು ನಾನು ಬಹಳ ತಡವಾಗಿ ಕಲಿತೆ. ಈಗ ಇಲ್ಲಿ ಓದುತ್ತಿರುವ ಮಕ್ಕಳಿಗೆ ಹಾಗಾಗದಿರಲಿ.