ಗುಣಗ್ರಹಣವೇ ವಿಮರ್ಶೆ: ಮೈಸೂರು ವಾಸುದೇವಾಚಾರ್ಯರ ಸಂಗೀತದೃಷ್ಟಿ

ಕೃತಿಗಳನ್ನು ರಚಿಸಿ ಕೀರ್ತಿ ಪಡೆದ ವಾಗ್ಗೇಯಕಾರರು ಅನೇಕರು. ಆದರೆ ಸಹಕಲಾವಿದರ ವಿದ್ವತ್ತನ್ನು ಅಸೂಯೆಯಿಲ್ಲದೆ ತೂಗಿ ನೋಡಿ, ಮುಂದಿನ ತಲೆಮಾರಿಗೆ ಬರೆದಿಟ್ಟವರು ವಿರಳ. ಅಂತಹ ವಿರಳರಲ್ಲಿ ಮೈಸೂರು ವಾಸುದೇವಾಚಾರ್ಯರು (1865–1961) ಅಗ್ರಗಣ್ಯರು.

ಮೈಸೂರಿನಲ್ಲಿ ಜನಿಸಿದ ಅವರು ಸಂಸ್ಕೃತ ವ್ಯಾಸಂಗದೊಡನೆ ವೀಣೆ ಪದ್ಮನಾಭಯ್ಯನವರಲ್ಲಿ ಸಂಗೀತಾಭ್ಯಾಸ ಮಾಡಿದರು. ಅನಂತರ ಮಹಾರಾಜ ಚಾಮರಾಜ ಒಡೆಯರು ವೇತನವಿತ್ತು ಅವರನ್ನು ತಿರುವೈಯಾರಿಗೆ ಕಳುಹಿಸಿದರು. ಅಲ್ಲಿ ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಗುರುಕುಲವಾಸ ಲಭಿಸಿತು. ಹಿಂದಿರುಗಿ ಆಸ್ಥಾನ ವಿದ್ವಾಂಸರಾಗಿ, 'ವಾಸುದೇವ' ಮುದ್ರಿಕೆಯಿಂದ ತೆಲುಗು ಹಾಗೂ ಸಂಸ್ಕೃತಗಳಲ್ಲಿ ಕೃತಿಗಳನ್ನು ರಚಿಸಿದರು. ಖಮಾಚ್ ರಾಗದ 'ಬ್ರೋಚೇವಾರೆವರುರಾ' ಇಂದಿಗೂ ಮನೆಮಾತಾಗಿದೆ. ಅವರು ಮದರಾಸಿನ ಸಂಗೀತ ಅಕಾಡೆಮಿಯ 'ಸಂಗೀತ ಕಲಾನಿಧಿ' ಗೌರವಕ್ಕೆ ಪಾತ್ರರಾದರು.

ಅವರ ವಿಮರ್ಶನಪ್ರಜ್ಞೆಗೆ ಸಾಕ್ಷಿ 'ನಾ ಕಂಡ ಕಲಾವಿದರು' ಎಂಬ ಕನ್ನಡ ಗ್ರಂಥ. ಹೆಸರಿನಲ್ಲಿಯೇ ಒಂದು ನಿಯಮವಿದೆ: ಕಂಡದ್ದಕ್ಕೆ, ಕೇಳಿ ಅನುಭವಿಸಿದ್ದಕ್ಕೆ ಪ್ರಾಶಸ್ತ್ಯ. ಗುರುಗಳಲ್ಲದೆ, ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ ಮೊದಲಾದವರೂ ಅಲ್ಲಿ ಕಾಣಿಸಿಕೊಳ್ಳುತ್ತಾರೆ. ಒಂದೇ ಆಸ್ಥಾನದ ಮನ್ನಣೆಯನ್ನು ಹಂಚಿಕೊಂಡವರ ನಡುವೆ ಮಾತ್ಸರ್ಯ ಮೂಡುವುದು ಲೋಕಸಹಜ. ವಾಸುದೇವಾಚಾರ್ಯರ ಲೇಖನಿ ಮಾತ್ರ ಗುಣದ ಕಡೆಗೇ ವಾಲಿತು.

ಇದನ್ನು ಕೇವಲ ಸೌಜನ್ಯವೆಂದು ಭಾವಿಸಲಾಗದು. 1902ರಲ್ಲಿ ಕಾಲವಾದ ಪಟ್ಣಂ ಅವರ ಗಾನವನ್ನು ಹಿಡಿದಿಟ್ಟ ಧ್ವನಿಮುದ್ರಿಕೆಯಿಲ್ಲ. ಹಾಡಿದ ದನಿ ಗಾಳಿಯಲ್ಲಿ ಲೀನವಾದ ಮೇಲೆ ಉಳಿಯುವುದು ಕೇಳಿದವರ ಮಾತು ಮಾತ್ರ. ಆ ಮಾತಿನಲ್ಲಿ ದೋಷವಷ್ಟೇ ಉಳಿದಿದ್ದರೆ ಕಲಾವಿದನಿಗೆ ಅದೇ ಶಾಶ್ವತ ಶಾಸನವಾಗುತ್ತಿತ್ತು. ತಾಳೆ ನೋಡಲು ಮುಂದಿನವರಿಗೆ ಬೇರೆ ದಾರಿಯೇ ಇರುತ್ತಿರಲಿಲ್ಲ. ವಿಮರ್ಶಕನ ಹೊಣೆ ಎಷ್ಟು ದೊಡ್ಡದೆಂಬುದು ಇದರಿಂದ ವೇದ್ಯವಾಗುತ್ತದೆ.

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ತಾರತಮ್ಯವು ಸತ್ಯ. ಆದರೆ ತಾರತಮ್ಯಜ್ಞಾನವು ತಿರಸ್ಕಾರಕ್ಕೆ ಅನುಮತಿಯಲ್ಲ. ಯಾರಲ್ಲಿ ಯಾವ ಗುಣ ಎಷ್ಟಿದೆಯೋ ಅದನ್ನು ಹಾಗೆಯೇ ಅರಿತು, ಎಲ್ಲವೂ ಹರಿಯ ಅಧೀನವೆಂದು ತಿಳಿಯುವ ವಿವೇಕ. ಸಂಗೀತವಿಮರ್ಶೆಗೂ ಈ ವಿವೇಕ ಒಪ್ಪುತ್ತದೆ.

ಇಳಿವಯಸ್ಸಿನಲ್ಲಿ ರುಕ್ಮಿಣೀದೇವಿಯವರ ಆಹ್ವಾನದಂತೆ ವಾಸುದೇವಾಚಾರ್ಯರು ಮದರಾಸಿನ ಕಲಾಕ್ಷೇತ್ರವನ್ನು ಸೇರಿದರು. ವಾಲ್ಮೀಕಿ ರಾಮಾಯಣವನ್ನು ಆಧರಿಸಿದ ಆರು ನೃತ್ಯನಾಟಕಗಳ ಮಾಲಿಕೆಯಲ್ಲಿ ನಾಲ್ಕಕ್ಕೆ ಅವರೇ ಸಂಗೀತ ಅಳವಡಿಸಿದರು. ಮೊದಲನೆಯದು 1955ರಲ್ಲಿ ರಂಗವೇರಿದಾಗ ಅವರಿಗೆ ತೊಂಬತ್ತು ವರ್ಷ. ಉಳಿದುದನ್ನು ಮೊಮ್ಮಗ ರಾಜಾರಾಂ ಪೂರೈಸಿದರು. 1959ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. 1961ರಲ್ಲಿ ಅವರು ಹರಿಪಾದವನ್ನು ಸೇರಿದರು.

ಆರಾಧನೆಯ ವೇದಿಕೆಯಲ್ಲಿ ಎಳೆಯರು ದೇವರನಾಮ ಹಾಡುವಾಗ, ಅಪಸ್ವರವನ್ನು ಎಣಿಸುವ ಮುನ್ನ ಶ್ರದ್ಧೆಯನ್ನು ಗುರುತಿಸುವ ಕಿವಿ ಹಿರಿಯರಿಗಿರಬೇಕು. ತಿದ್ದುವ ಮಾತು ಆ ಬಳಿಕವೇ ಫಲಿಸುತ್ತದೆ. ವಾಸುದೇವಾಚಾರ್ಯರ ಬರಹದಿಂದ ಗ್ರಹಿಸಬೇಕಾದ ಪಾಠವಿದು.

|| ಶ್ರೀಕೃಷ್ಣಾರ್ಪಣಮಸ್ತು ||